‘ಗ್ಯಾಸ್ ಹೋಗಿದೆ’ ಅಂದ ತಕ್ಷಣ ದುಡ್ಡು ಬಿಚ್ಚಬೇಡಿ: ಫ್ರಿಜ್ ಪ್ರಶ್ನೋತ್ತರ

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಫ್ರಿಜ್ಜಿನ ಸುತ್ತಲೇ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಓದುತ್ತಾ ಹೋದರೆ ಊರು ಬೇರೆ, ಫ್ರಿಜ್ ಬೇರೆ, ಆದರೆ ರಿಪೇರಿಯವರು ಹೇಳಿದ್ದು ಮಾತ್ರ ಎಲ್ಲ ಕಡೆ ಒಂದೇ: ‘ಗ್ಯಾಸ್ ಹೋಗಿದೆ’. ನಾನೂ ಇದೇ ಕಸುಬಿನವನು. ಗ್ಯಾಸ್ ಹೋಗುವುದೇ ಇಲ್ಲ ಎಂದು ಹೇಳುವುದಿಲ್ಲ. ಆದರೆ ಜನ ಅಂದುಕೊಂಡಷ್ಟು ಸಲ ಹೋಗುವುದಿಲ್ಲ. ಆ ಪ್ರಶ್ನೆಯಿಂದಲೇ ಶುರು ಮಾಡೋಣ.

ಪ್ರಶ್ನೆ: ನಮ್ಮದು ಸಿಂಗಲ್ ಡೋರ್ ಫ್ರಿಜ್. ಐಸ್ ಆಗುತ್ತಿಲ್ಲ. ಹೋದ ವರ್ಷ ಗ್ಯಾಸ್ ತುಂಬಿಸಿದ್ದೆವು, ಈಗ ಮತ್ತೆ ಗ್ಯಾಸ್ ಖಾಲಿ ಅಂತಾರೆ. ಇದು ವರ್ಷಕ್ಕೊಂದು ಸಲ ತುಂಬಿಸಬೇಕಾದದ್ದಾ ಅಣ್ಣಾ?
(ನಿಟ್ಟುವಳ್ಳಿ, ದಾವಣಗೆರೆ)

ಖಂಡಿತ ಇಲ್ಲ ಅಕ್ಕಾ. ಇದು ಅಡುಗೆ ಸಿಲಿಂಡರ್ ಅಲ್ಲ. ಒಲೆಯ ಗ್ಯಾಸ್ ಉರಿದು ಮುಗಿಯುತ್ತದೆ, ಫ್ರಿಜ್ಜಿನ ಗ್ಯಾಸ್ ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಂಪ್ರೆಸರ್ ಅದನ್ನು ಒತ್ತಿ ಕಳಿಸುತ್ತದೆ, ಹಿಂದಿನ ಕಪ್ಪು ಜಾಲರಿಯಲ್ಲೋ ಪಕ್ಕದ ಗೋಡೆಯೊಳಗಿನ ಪೈಪಿನಲ್ಲೋ ಅದು ಬಿಸಿ ಬಿಟ್ಟುಕೊಟ್ಟು ದ್ರವವಾಗುತ್ತದೆ, ಆಮೇಲೆ ಕೂದಲೆಳೆಯಂಥ ಸಣ್ಣ ತೂತಿನ ಪೈಪಿನಲ್ಲಿ ಹಾಯ್ದು ಫ್ರೀಜರಿನ ತಗಡಿಗೆ ಬಂದಾಗ ಒತ್ತಡ ಇಳಿದು ಕುದಿಯುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ನಿಮ್ಮ ಹಾಲಿನಿಂದ, ತರಕಾರಿಯಿಂದ ಎಳೆದುಕೊಳ್ಳುತ್ತದೆ. ಫ್ರಿಜ್ ತಣ್ಣಗಾಗುವುದು ಹೀಗೆ. ಅಲ್ಲಿಂದ ಮತ್ತೆ ಕಂಪ್ರೆಸರಿಗೆ ವಾಪಸ್. ಎಲ್ಲ ಜೋಡಣೆಯೂ ಬೆಸುಗೆ ಹಾಕಿ ಮುಚ್ಚಿದ್ದು. ಎಲ್ಲೂ ಸೋರದಿದ್ದರೆ ಕಾರ್ಖಾನೆಯಲ್ಲಿ ತುಂಬಿದ ಗ್ಯಾಸೇ ಹದಿನೈದು ಇಪ್ಪತ್ತು ವರ್ಷ ಇರುತ್ತದೆ.

ಹಾಗಾಗಿ ಗ್ಯಾಸ್ ನಿಜವಾಗಿ ಹೋಗಿದ್ದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಮುಚ್ಚದೆ ಗ್ಯಾಸ್ ತುಂಬಿದರೆ ಹೊಸ ಗ್ಯಾಸೂ ಅದೇ ದಾರಿ ಹಿಡಿಯುತ್ತದೆ. ನಿಮ್ಮ ಮನೆಯಲ್ಲಿ ಆಗಿರುವುದು ಬಹುಶಃ ಇದೇ.

ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ತೂತು ಬೀಳಲು ದೊಡ್ಡ ಕಾರಣ ಚಾಕು. ಫ್ರೀಜರಿನಲ್ಲಿ ಐಸ್ ಗಟ್ಟಿಯಾಗಿ ಹಾಲಿನ ಪಾಕೀಟು ಅಂಟಿಕೊಂಡಿರುತ್ತದೆ, ಗಡಿಬಿಡಿಯಲ್ಲಿ ಚಾಕು, ಸ್ಕ್ರೂ ಡ್ರೈವರ್, ಕೆಲವರು ಸೌಟು ಕೂಡ ಹಾಕಿ ಮೀಟುತ್ತಾರೆ. ಆ ತಗಡು ತೆಳು ಅಲ್ಯೂಮಿನಿಯಂ, ಗ್ಯಾಸ್ ಓಡುವ ದಾರಿ ಅದರಲ್ಲೇ ಇದೆ. ಚುಚ್ಚಿದರೆ ‘ಬುಸ್’ ಎಂದು ಒಂದು ಸದ್ದು ಬರುತ್ತದೆ, ಅಷ್ಟೇ, ಕಥೆ ಮುಗಿಯಿತು. ಐಸ್ ಅರ್ಧ ಸೆಂಟಿಮೀಟರ್ ದಪ್ಪ ಆಗುತ್ತಿದ್ದಂತೆ ಥರ್ಮೋಸ್ಟಾಟ್ (ತಂಪು ಹೆಚ್ಚು ಕಡಿಮೆ ಮಾಡುವ ತಿರುಗಣೆ) ನಡುವಿನ, ಐಸ್ ಕರಗಿಸುವ ಡಿಫ್ರಾಸ್ಟ್ ಬಟನ್ ಒತ್ತಿಬಿಡಿ. ಐಸ್ ಕರಗಿದ ಮೇಲೆ ಫ್ರಿಜ್ ತಾನಾಗಿಯೇ ಮತ್ತೆ ಆನ್ ಆಗುತ್ತದೆ. ಅವಸರ ಇದ್ದರೆ ಫ್ರಿಜ್ ಆಫ್ ಮಾಡಿ ಒಳಗೆ ಬಿಸಿನೀರಿನ ಪಾತ್ರೆ ಇಡಿ, ತಗಡಿನ ಮೇಲೆ ನೇರ ಬೇಡ, ಕೆಳಗೊಂದು ಬಟ್ಟೆ ಹಾಸಿ.

ಈಗ ಗ್ಯಾಸ್ ಹೋಗಿದೆಯೋ ಇಲ್ಲವೋ ನೀವೇ ಅಂದಾಜು ಮಾಡುವ ಬಗೆ. ಮೊದಲು ಕಂಪ್ರೆಸರ್ ಓಡುತ್ತಿದೆಯಾ ನೋಡಿ. ಹಿಂದೆ ಕೆಳಗಡೆ ಇರುವ ಕಪ್ಪು ಗುಂಡು ಅದು. ಕಿವಿಗೊಟ್ಟರೆ ಗುಂಯ್ ಎನ್ನುತ್ತದೆ, ಫ್ರಿಜ್ ಮೇಲೆ ಕೈ ಇಟ್ಟರೆ ಸಣ್ಣ ನಡುಕ ಗೊತ್ತಾಗುತ್ತದೆ. ಅದೇ ಓಡುತ್ತಿಲ್ಲ ಅಂದರೆ ಗ್ಯಾಸಿನ ಮಾತು ಈಗಲೇ ಬೇಡ, ತೊಂದರೆ ಕರೆಂಟಿನದ್ದು, ಕಂಪ್ರೆಸರನ್ನು ಎಬ್ಬಿಸುವ ರಿಲೇಯದ್ದು ಅಥವಾ ಥರ್ಮೋಸ್ಟಾಟಿನದ್ದು. ಓಡುತ್ತಲೇ ಇದೆ, ನಿಲ್ಲುವುದೇ ಇಲ್ಲ, ಆದರೂ ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಬಿಳಿ ಹಿಮ ಕೂತಿದೆ, ಉಳಿದ ಕಡೆ ಬೋಳು, ಪಕ್ಕದ ಗೋಡೆಯೂ ಬಿಸಿಯಾಗಿಲ್ಲ ಅಂದರೆ ಗ್ಯಾಸ್ ಕಡಿಮೆ ಆಗಿರಬಹುದು. ಅಥವಾ ಆ ಸಣ್ಣ ಪೈಪು ಕಟ್ಟಿಕೊಂಡಿರಬಹುದು, ಹೊರಗಿನಿಂದ ಎರಡೂ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ.

ಮೆಕ್ಯಾನಿಕ್ ಬಂದಾಗ ಸುಮ್ನೆ ‘ಎಷ್ಟಾಗುತ್ತೆ’ ಎಂದು ಕೇಳಬೇಡಿ. ತೂತು ಎಲ್ಲಿದೆ ಎಂದು ತೋರಿಸಲು ಹೇಳಿ. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುವ ಜಾಗವೇ ತೂತು. ಪೈಪು ಕತ್ತರಿಸಿದ ಮೇಲೆ ಫಿಲ್ಟರ್ ಹೊಸದು ಹಾಕಲೇಬೇಕು. ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎರಡನ್ನೂ ತೆಗೆಯಬೇಕು. ತೇವ ಉಳಿದರೆ ಅದು ಸಣ್ಣ ಪೈಪಿನ ಬಾಯಲ್ಲಿ ಐಸಾಗಿ ಕೂತು ದಾರಿ ಕಟ್ಟುತ್ತದೆ, ಆಗ ಫ್ರಿಜ್ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಕೈಕೊಡುತ್ತದೆ, ಆಫ್ ಮಾಡಿ ಇಟ್ಟರೆ ಮತ್ತೆ ಸರಿಹೋಗುತ್ತದೆ, ಮತ್ತೆ ಕೈಕೊಡುತ್ತದೆ. ಕೊನೆಯದಾಗಿ, ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಫ್ರಿಜ್ಜಿನ ಹಿಂದೆ ಅಥವಾ ಒಳಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.

ಚೀಟಿಯಲ್ಲಿ ಆರ್ 134ಎ ಎಂದಿರಬಹುದು, ಆರ್ 600ಎ ಎಂದಿರಬಹುದು. ಈಚಿನ ಮನೆ ಫ್ರಿಜ್ಜುಗಳಲ್ಲಿ ಆರ್ 600ಎ ಜಾಸ್ತಿ. ಅದರ ಹೆಸರು ಐಸೋಬ್ಯೂಟೇನ್. ತೀರಾ ಸ್ವಲ್ಪ ಸಾಕು, ಆದರೆ ಅದು ಹೊತ್ತಿಕೊಳ್ಳುವ ಗ್ಯಾಸ್. ಅದನ್ನು ರಿಪೇರಿ ಮಾಡುವಾಗ ಕಿಟಕಿ, ಬಾಗಿಲು ತೆರೆದಿರಲಿ, ಒಲೆ ಆಫ್ ಇರಲಿ, ದೇವರ ದೀಪವೂ ಬೇಡ. ಒಂದು ಗ್ಯಾಸಿನ ಫ್ರಿಜ್ಜಿಗೆ ಇನ್ನೊಂದು ತುಂಬುತ್ತೇನೆ ಎನ್ನುವವರನ್ನು ಚಹಾ ಕುಡಿಸಿ ಕಳಿಸಿಬಿಡಿ. ಕಂಪ್ರೆಸರ್, ಒಳಗಿನ ಆಯಿಲ್, ಪೈಪಿನ ಅಳತೆ ಎಲ್ಲವೂ ಆಯಾ ಗ್ಯಾಸಿಗೆ ತಕ್ಕ ಹಾಗೆ ಮಾಡಿದ್ದು.

ಪ್ರಶ್ನೆ: ಡಬಲ್ ಡೋರ್, ಫ್ರಾಸ್ಟ್ ಫ್ರೀ. ಮೇಲೆ ಐಸ್ ಕಲ್ಲಿನ ಹಾಗೆ ಆಗುತ್ತದೆ. ಕೆಳಗೆ ಮಾತ್ರ ಹಾಲು ಒಡೆಯುತ್ತಿದೆ, ಹಿಟ್ಟು ರಾತ್ರೋರಾತ್ರಿ ಹುಳಿ. ಇದಕ್ಕೂ ಗ್ಯಾಸ್ ಹಾಕಿಸಿ ಅಂದರು. ಹಾಕಿಸಲಾ?
(ವಿದ್ಯಾನಗರ, ದಾವಣಗೆರೆ)

ಬೇಡ. ಮೇಲೆ ಐಸ್ ಗಟ್ಟಿಯಾಗುತ್ತಿದೆ ಅಂದರೆ ತಂಪು ಹುಟ್ಟುತ್ತಿದೆ, ಕೆಳಗೆ ಬರುತ್ತಿಲ್ಲ ಅಷ್ಟೇ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ತಣ್ಣನೆ ಕಾಯಿಲ್ ಇರುವುದು ಒಂದೇ ಕಡೆ, ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಮರೆಯಲ್ಲಿ. ಅಲ್ಲಿನ ತಣ್ಣನೆ ಗಾಳಿಯನ್ನು ಒಂದು ಸಣ್ಣ ಫ್ಯಾನ್ ಕೆಳಗೆ ತಳ್ಳುತ್ತದೆ. ಆ ಗಾಳಿಯ ದಾರಿ ಎಲ್ಲಿ ಕಟ್ಟಿದೆ ಎಂದು ಹುಡುಕಬೇಕು.

ಖರ್ಚಿಲ್ಲದ್ದರಿಂದ ಶುರು ಮಾಡಿ. ಬಹಳ ಮಾಡೆಲ್‌ಗಳಲ್ಲಿ ಎರಡು ತಿರುಗಣೆ ಇರುತ್ತವೆ, ಒಂದು ಫ್ರೀಜರಿನದ್ದು, ಒಂದು ಕೆಳಗಿನದ್ದು. ಫ್ರೀಜರಿನ ತಿರುಗಣೆ ಹೆಚ್ಚಿನ ಮಾಡೆಲ್‌ಗಳಲ್ಲಿ ಕಂಪ್ರೆಸರನ್ನು ಜೋರು ಮಾಡುವುದಿಲ್ಲ, ಕೆಳಗೆ ಹೋಗುವ ಗಾಳಿಯ ಕಿಂಡಿಯನ್ನು ಕಿರಿದು ಮಾಡುತ್ತದೆ. ಬೇಸಿಗೆಯಲ್ಲಿ ಬೇಗ ಐಸ್ ಆಗಲಿ ಎಂದು ಮಕ್ಕಳು ಅದನ್ನು ಪೂರ್ತಿ ತಿರುಗಿಸಿಟ್ಟಿರುತ್ತಾರೆ, ಕೆಳಗೆ ಹಾಲು ಒಡೆಯುತ್ತದೆ, ಅಪ್ಪ ಮೆಕ್ಯಾನಿಕ್ ಕರೆಸುತ್ತಾರೆ! ನಡುವೆ ತಂದಿಟ್ಟು ಒಂದು ದಿನ ನೋಡಿ. ಜೊತೆಗೆ ಗಾಳಿ ಬರುವ ಕಿಂಡಿಗೆ ಅಡ್ಡವಾಗಿ ಕೊತ್ತಂಬರಿ ಚೀಲ, ಹಿಟ್ಟಿನ ಡಬ್ಬಿ ಒತ್ತಿಟ್ಟಿಲ್ಲ ತಾನೇ?

ಆಮೇಲೆ ಫ್ಯಾನ್. ಫ್ರೀಜರ್ ಬಾಗಿಲು ತೆಗೆದಾಗ ಬಹಳ ಫ್ರಿಜ್ಜುಗಳಲ್ಲಿ ಫ್ಯಾನ್ ನಿಲ್ಲುತ್ತದೆ. ಚೌಕಟ್ಟಿನಲ್ಲಿರುವ ಬಾಗಿಲಿನ ಸ್ವಿಚ್ಚನ್ನು ಬೆರಳಿಂದ ಒತ್ತಿ ಹಿಡಿಯಿರಿ. ಕಂಪ್ರೆಸರ್ ಓಡುತ್ತಿರುವಾಗ ಗಾಳಿ ಬೀಸುವ ಸದ್ದು ಬರಬೇಕು. ಬರದಿದ್ದರೆ ಫ್ಯಾನ್ ಮೋಟರ್ ಕೆಟ್ಟಿರಬಹುದು, ಅಥವಾ ಫ್ಯಾನು ಐಸಿನಲ್ಲಿ ಹೂತು ಹೋಗಿರಬಹುದು. ಟರ್ ಟರ್ ಎಂಬ ಸದ್ದಿದ್ದರೆ ರೆಕ್ಕೆ ಐಸಿಗೆ ತಾಗುತ್ತಿದೆ.

ಐಸ್ ಯಾಕೆ ಕಟ್ಟುತ್ತದೆ? ಫ್ರಾಸ್ಟ್ ಫ್ರೀ ಅಂದರೆ ಹಿಮ ಆಗುವುದೇ ಇಲ್ಲ ಎಂದಲ್ಲ. ಆ ಕಾಯಿಲ್ ಮೇಲೆ ಹಿಮ ಆಗುತ್ತಲೇ ಇರುತ್ತದೆ. ಕೆಲವು ಗಂಟೆಗೊಮ್ಮೆ ಕಂಪ್ರೆಸರ್ ನಿಂತು, ಕಾಯಿಲ್ ಕೆಳಗಿನ ಹೀಟರ್ ಹತ್ತಿ, ಹಿಮ ಕರಗಿ ನೀರಾಗಿ ಹಿಂದಿನ ತಟ್ಟೆಗೆ ಇಳಿಯುತ್ತದೆ. ಹೀಟರ್ ಸುಟ್ಟರೆ, ಅದರ ಫ್ಯೂಸ್ ಹೋದರೆ, ಸೆನ್ಸರ್ ಅಥವಾ ಟೈಮರ್ ಕೆಟ್ಟರೆ ಹಿಮ ಕರಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕೂತು ಕೊನೆಗೆ ಐಸಿನ ಗೋಡೆಯೇ ಆಗುತ್ತದೆ, ಗಾಳಿ ನುಸುಳಲು ಜಾಗವಿರುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಳಗಿನದ್ದನ್ನೆಲ್ಲ ಪಕ್ಕದ ಮನೆಯವರ ಫ್ರಿಜ್ಜಿಗೆ ಸಾಗಿಸಿ. ಪ್ಲಗ್ ತೆಗೆಯಿರಿ. ಎರಡೂ ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಪೂರ್ತಿ ಬಿಡಿ, ಕೆಳಗೆ ಹಳೆ ಟವೆಲ್ ಹಾಸಿ. ಎರಡು ಗಂಟೆ ಬಿಟ್ಟು ಆನ್ ಮಾಡಿದರೆ ಉಪಯೋಗವಿಲ್ಲ, ಹಲಗೆ ಹಿಂದಿನ ಐಸ್ ಅಷ್ಟು ಬೇಗ ಕರಗದು. ಆಮೇಲೆ ಹಚ್ಚಿ ನೋಡಿ. ಕೆಳಗೆ ಚೆನ್ನಾಗಿ ತಣ್ಣಗಾಗಿ, ವಾರ ಹತ್ತು ದಿನದಲ್ಲಿ ಮತ್ತೆ ಅದೇ ರಾಗ ಅಂದರೆ ಡಿಫ್ರಾಸ್ಟ್ ಭಾಗದಲ್ಲೇ ತೊಂದರೆ. ಹೀಟರ್, ಫ್ಯೂಸ್, ಸೆನ್ಸರ್ ಮೂರನ್ನೂ ಮೀಟರ್ ಹಿಡಿದು ನೋಡಲು ಹೇಳಿ. ಇವೆಲ್ಲ ನೂರರ ಲೆಕ್ಕದ ಸಾಮಾನು. ಗ್ಯಾಸ್ ಕೆಲಸ ಸಾವಿರದ ಲೆಕ್ಕ. ವ್ಯತ್ಯಾಸ ಗೊತ್ತಾಯಿತಲ್ವಾ?

ಪ್ರಶ್ನೆ: ತೋಟದ ಮನೆ. ಸಂಜೆ ಆದರೆ ಫ್ರಿಜ್ ‘ಟಿಕ್’ ಅಂತದೆ, ಗುಂಯ್ ಅಂತದೆ, ಮತ್ತೆ ‘ಟಿಕ್’ ಅಂದು ಸುಮ್ಮನಾಗುತ್ತದೆ. ಒಳಗೆ ಲೈಟ್ ಇದೆ, ಕೂಲಿಂಗ್ ಇಲ್ಲ. ಕಂಪ್ರೆಸರ್ ಹೋಯ್ತು ಅಂತಾರೆ. ನಿಜಾನಾ?
(ಹೊಸದುರ್ಗ ತಾಲ್ಲೂಕು)

ಹೋಗಿರಲೂಬಹುದು, ಆದರೆ ಅದು ಕೊನೆಯ ಅನುಮಾನ. ನೀವು ಹೇಳಿದ ‘ಸಂಜೆ ಆದರೆ’ ಎಂಬುದೇ ನನಗೆ ಮುಖ್ಯ. ಮೊದಲು ವೋಲ್ಟೇಜ್ ನೋಡಿ. ಪ್ಲಗ್ಗಿಗೆ ಚುಚ್ಚುವ ಸಣ್ಣ ವೋಲ್ಟೇಜ್ ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಇರಬೇಕಾದದ್ದು 230. ಮೋಟರ್‌ಗಳು ಓಡುವ ಹೊತ್ತಿನಲ್ಲಿ 170ರ ಕೆಳಗೆ ಇಳಿಯುತ್ತಿದ್ದರೆ ಹಳೆ ಮಾದರಿ ಕಂಪ್ರೆಸರ್ ಏಳಲು ಒದ್ದಾಡುತ್ತದೆ. ಏಳಲಾಗದೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಿಸಿಯಾಗುತ್ತದೆ, ಪಕ್ಕದಲ್ಲಿರುವ ಓವರ್‌ಲೋಡ್ ಎಂಬ ರಕ್ಷಣೆಯ ಸ್ವಿಚ್ ‘ಟಿಕ್’ ಎಂದು ಕರೆಂಟ್ ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ. ನಿಮಗೆ ಕೇಳುವ ಟಿಕ್ ಅದೇ. ಹೀಗೆ ತಿಂಗಳುಗಟ್ಟಲೆ ಬಿಟ್ಟರೆ ಕಂಪ್ರೆಸರಿನ ಒಳಗಿನ ಸುರುಳಿ ನಿಜವಾಗಿಯೂ ಸುಟ್ಟುಹೋಗುತ್ತದೆ. ಮೀಟರ್ ನೋಡುವ ತನಕ ಸಂಜೆ ಹೊತ್ತು ಫ್ರಿಜ್ ಆಫ್ ಮಾಡಿಡಿ.

ವೋಲ್ಟೇಜ್ ಸರಿ ಇದ್ದೂ ಹೀಗೇ ಮಾಡಿದರೆ ರಿಲೇ ಬದಲಿಸಿ ನೋಡಲು ಹೇಳಿ. ಕಂಪ್ರೆಸರಿನ ಪಕ್ಕಕ್ಕೆ ಸಿಕ್ಕಿಸಿದ ಬೆಂಕಿಪೊಟ್ಟಣದಷ್ಟು ಸಾಮಾನು ಅದು. ತೆಗೆದು ಅಲ್ಲಾಡಿಸಿದಾಗ ಒಳಗೆ ಗಿಲಿಗಿಲಿ ಎಂದರೆ ಒಡೆದಿದೆ ಎಂದು ತಿಳಿಯಬಹುದು. ತೋಟದ ಮನೆಗಳಲ್ಲಿ ಅಲ್ಲಿಗೆ ಹಲ್ಲಿ, ಇರುವೆ ಸೇರಿಕೊಂಡು ಸುಡುವುದೂ ಉಂಟು. ಇದನ್ನು ನೀವೇ ಬಿಚ್ಚಬೇಡಿ, ಬಿಚ್ಚುವವರೂ ಪ್ಲಗ್ ತೆಗೆದೇ ಬಿಚ್ಚಬೇಕು.

ಸ್ಟೆಬಿಲೈಸರ್ ಬೇಕಾ ಎಂದು ಇನ್ನೂ ಕೆಲವರು ಕೇಳಿದ್ದಾರೆ. ಫ್ರಿಜ್ ಮೇಲೆ ಸ್ಟೆಬಿಲೈಸರ್ ಬೇಡ ಎಂದು ಬರೆದಿದ್ದರೆ ಅದರ ಪಕ್ಕ ಎಷ್ಟು ವೋಲ್ಟಿನಿಂದ ಎಷ್ಟರ ತನಕ ಎಂಬುದೂ ಇರುತ್ತದೆ, ಅದನ್ನು ಓದಿ. ನಿಮ್ಮ ಮನೆಯ ಕರೆಂಟ್ ಅದರೊಳಗೆ ಇದ್ದರೆ ಬೇಡ. ಹೊರಗೆ ಹೋಗುತ್ತಿದ್ದರೆ ಬೇಕು. ಕೊಳ್ಳುವಾಗ ಟೈಮ್ ಡಿಲೇ ಇರುವುದನ್ನೇ ಕೊಳ್ಳಿ. ಕರೆಂಟ್ ಹೋಗಿ ತಕ್ಷಣ ಬಂದರೆ ಪೈಪಿನೊಳಗಿನ ಒತ್ತಡ ಇನ್ನೂ ಸಮ ಆಗಿರುವುದಿಲ್ಲ, ಕಂಪ್ರೆಸರಿಗೆ ಮೂರರಿಂದ ಐದು ನಿಮಿಷದ ಬಿಡುವು ಬೇಕು. ಪ್ಲಗ್ ತೆಗೆದು ತಕ್ಷಣ ಹಾಕುವ ಅಭ್ಯಾಸ ಇರುವವರೂ ಇದನ್ನು ನೆನಪಿಡಿ.

ಪ್ರಶ್ನೆ: ಫ್ರಿಜ್ ಬಾಗಿಲು ಮುಟ್ಟಿದರೆ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಏನೂ ಆಗಲ್ಲ. ಹಾಗೇ ಬಳಸಬಹುದಾ?
(ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ)

ಬೇಡಮ್ಮ! ಚಪ್ಪಲಿ ಪರಿಹಾರ ಅಲ್ಲ. ಇವತ್ತೇ ಪ್ಲಗ್ ತೆಗೆಯಿರಿ. ಇದು ಬಹುಪಾಲು ಅರ್ಥಿಂಗ್ ಇಲ್ಲದ ತೊಂದರೆ. ಫ್ರಿಜ್ಜಿನ ಮೂರನೇ ಪಿನ್ ಯಾರೋ ಮುರಿದಿರುತ್ತಾರೆ, ಇಲ್ಲವೇ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿರುತ್ತಾರೆ, ಇಲ್ಲವೇ ಮನೆಯ ಅರ್ಥಿಂಗೇ ಸತ್ತಿರುತ್ತದೆ. ದುರ್ಗದ ನೆಲ ಕಲ್ಲು ನೆಲ, ಮಳೆಯೂ ಕಡಿಮೆ. ಅರ್ಥಿಂಗ್ ಗುಂಡಿ ಒಣಗಿ ಹೋದರೆ ವೈರು ಇದ್ದೂ ಇಲ್ಲದ ಹಾಗೆ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನಲ್ಲಿ ಫೇಸಿಗೂ ಅರ್ಥಿಗೂ ನಡುವೆ ಎಷ್ಟು ವೋಲ್ಟ್ ಬರುತ್ತದೆ ಎಂದು ನೋಡಿಸಿ, ಗುಂಡಿಗೆ ನೀರು ಹಾಕಿಸಿ, ಅಗತ್ಯ ಬಿದ್ದರೆ ಹೊಸದು ತೆಗೆಸಿ. ಹಾಗೇ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಎಂದೂ ಕೇಳಿ. ಕರೆಂಟ್ ಎಲ್ಲಾದರೂ ಮೈಗೆ ಸೋರಿದರೆ ಕ್ಷಣದಲ್ಲಿ ಕಡಿಯುವುದು ಅದೇ.

ಅರ್ಥಿಂಗ್ ಸರಿಯಾದ ಮೇಲೆ ಜುಮ್ ಅನ್ನುವುದು ನಿಲ್ಲುತ್ತದೆ. ಆದರೆ ಫ್ರಿಜ್ ಹಚ್ಚಿದ ಕೂಡಲೇ ಆರ್‌ಸಿಸಿಬಿ ಬೀಳುತ್ತಿದ್ದರೆ ಫ್ರಿಜ್ಜಿನೊಳಗೇ ಸೋರಿಕೆ ಇದೆ. ಹಿಂದಿನ ವೈರನ್ನು ಇಲಿ ಕಡಿದಿರಬಹುದು, ಡಿಫ್ರಾಸ್ಟ್ ಹೀಟರಿಗೆ ನೀರು ಹೋಗಿರಬಹುದು, ಕಂಪ್ರೆಸರಿನ ಸುರುಳಿಯೂ ಆಗಿರಬಹುದು.

ಪ್ರಶ್ನೆ: ತರಕಾರಿ ಡಬ್ಬದ ಕೆಳಗೆ ದಿನಾ ನೀರು. ಒರೆಸಿ ಒರೆಸಿ ಸಾಕಾಗಿದೆ.
(ವಿನೋಬನಗರ, ದಾವಣಗೆರೆ)

ಒಳಗಿನ ಹಿಂದಿನ ಗೋಡೆಯ ಬುಡದಲ್ಲಿ ಒಂದು ಸಣ್ಣ ತೂತಿದೆ. ಕರಗಿದ ನೀರು ಅದರ ಮೂಲಕ ಇಳಿದು ಕಂಪ್ರೆಸರ್ ಮೇಲಿನ ತಟ್ಟೆಗೆ ಹೋಗಿ, ಅಲ್ಲಿನ ಬಿಸಿಗೆ ಆರಿಹೋಗಬೇಕು. ನಿಮ್ಮದರಲ್ಲಿ ಕರಿಬೇವಿನ ಎಲೆಯೋ ಕೊತ್ತಂಬರಿ ಕಡ್ಡಿಯೋ ಕೂತು ತೂತು ಮುಚ್ಚಿದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಎರಡು ಮೂರು ಸಲ ಬಿಡಿ. ಹಿಂದಿನ ತಟ್ಟೆಗೆ ನೀರು ಬಿದ್ದ ಸದ್ದು ಬಂದರೆ ಆಯಿತು. ಗಟ್ಟಿ ತಂತಿ ಹಾಕಿ ಕುಕ್ಕಬೇಡಿ. ಫ್ರಾಸ್ಟ್ ಫ್ರೀ ಆಗಿದ್ದರೆ ಆ ತೂತು ಫ್ರೀಜರಿನ ಹಲಗೆಯ ಹಿಂದೆ ಇರುತ್ತದೆ, ಅಲ್ಲಿ ಐಸ್ ಕಟ್ಟಿದ್ದರೆ ಮೇಲೆ ವಿದ್ಯಾನಗರದವರಿಗೆ ಹೇಳಿದ ಹಾಗೆ ಒಂದು ದಿನ ಪೂರ್ತಿ ಆಫ್ ಮಾಡಿ ಕರಗಿಸಿ.

ಪ್ರಶ್ನೆ: ಹೊಸ ಫ್ರಿಜ್. ಎರಡೂ ಪಕ್ಕ ಕೈ ಇಡಲಾರದಷ್ಟು ಬಿಸಿ. ವಾಪಸ್ ಕೊಡಬೇಕಾ?
(ಚಳ್ಳಕೆರೆ)

ವಾಪಸ್ ಕೊಡುವಂಥದ್ದೇನಿಲ್ಲ. ಈಗಿನ ಫ್ರಿಜ್ಜುಗಳಲ್ಲಿ ಹಿಂದಿನ ಕಪ್ಪು ಜಾಲರಿ ತೆಗೆದು, ಆ ಪೈಪನ್ನು ಪಕ್ಕದ ತಗಡಿನ ಒಳಗೇ ಸುತ್ತಿರುತ್ತಾರೆ. ಒಳಗಿನ ಬಿಸಿ ಹೊರಗೆ ಬರುವುದು ಅಲ್ಲಿಂದಲೇ. ಬಾಗಿಲ ಚೌಕಟ್ಟೂ ಸ್ವಲ್ಪ ಬೆಚ್ಚಗಿರುತ್ತದೆ, ಅಲ್ಲಿ ಬೆವರು ಕೂರದಿರಲಿ ಎಂದು ಬೇಕೆಂದೇ ಮಾಡಿದ್ದು. ಬಿಸಿ ಬರುತ್ತಿದೆ ಅಂದರೆ ಫ್ರಿಜ್ ಕೆಲಸ ಮಾಡುತ್ತಿದೆ.

ಆದರೆ ಇಟ್ಟಿರುವ ಜಾಗ ನೋಡಿ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 38, 39 ಡಿಗ್ರಿ ಹೊಸದೇನಲ್ಲ. ಅದರಲ್ಲಿ ಫ್ರಿಜ್ಜನ್ನು ಮೂಲೆಗೆ ಒತ್ತಿ, ಪಕ್ಕಕ್ಕೆ ಬೀರು, ಮೇಲೆ ಬಟ್ಟೆ, ಅದರ ಮೇಲೆ ಹೂದಾನಿ ಇಟ್ಟರೆ ಬಿಸಿ ಹೋಗುವುದು ಎಲ್ಲಿಗೆ? ಹಿಂದೆ, ಪಕ್ಕ ಒಂದು ಹತ್ತು ಸೆಂಟಿಮೀಟರ್ ಜಾಗ ಬಿಡಿ. ಹಿಂದಿನ ಚೀಟಿಯಲ್ಲಿ ಕ್ಲೈಮೇಟ್ ಕ್ಲಾಸ್ ಎಂದು ಬರೆದಿರುತ್ತದೆ. ‘ಎನ್’ ಎಂದರೆ 32 ಡಿಗ್ರಿ ತನಕ, ‘ಎಸ್‌ಟಿ’ ಎಂದರೆ 38, ‘ಟಿ’ ಎಂದರೆ 43 ಡಿಗ್ರಿ ಸೆಖೆಗೆ ತಕ್ಕದ್ದು. ಚಳ್ಳಕೆರೆ ಬಿಸಿಲಿಗೆ ‘ಟಿ’ ಬೇಕು. ಕೊಳ್ಳುವಾಗ ಯಾರೂ ಇದನ್ನು ನೋಡುವುದಿಲ್ಲ, ಬಾಗಿಲ ಮೇಲಿನ ಹೂವಿನ ಚಿತ್ರ ನೋಡುತ್ತಾರೆ.

ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇರುವ ದಾವಣಗೆರೆಯ ಒಬ್ಬರು, ಹಳೆ ಫ್ರಿಜ್ಜಿನ ಹಿಂದಿನ ಜಾಲರಿಗೆ ಮಸಿ, ಹೊಟ್ಟು ಮೆತ್ತಿಕೊಳ್ಳುತ್ತದೆ ಎಂದು ಬರೆದಿದ್ದಾರೆ. ಅವರಿಗೂ ಇಲ್ಲೇ ಉತ್ತರ: ಪ್ಲಗ್ ತೆಗೆದು ಒಣ ಬ್ರಷ್ಷಿನಲ್ಲಿ ತಿಂಗಳಿಗೊಮ್ಮೆ ಝಾಡಿಸಿ. ಮಸಿ ಮೆತ್ತಿದ ಜಾಲರಿ ಬಿಸಿ ಬಿಡುವುದಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಕರೆಂಟ್ ಬಿಲ್ ಏರುತ್ತದೆ.

ಪ್ರಶ್ನೆ: ಮನೆಯಲ್ಲೇ ಬೆಣ್ಣೆ ದೋಸೆ ಹಿಟ್ಟು ರುಬ್ಬಿ ಮಾರುತ್ತೇನೆ. ಬೆಣ್ಣೆಯೂ ಫ್ರಿಜ್ಜಿನಲ್ಲೇ. ಮಧ್ಯಾಹ್ನದ ಹೊತ್ತಿಗೆ ಬೆಣ್ಣೆ ಮೆತ್ತಗಾಗುತ್ತದೆ, ಗೋಡೆಯೆಲ್ಲ ಬೆವರುತ್ತದೆ. ಥರ್ಮೋಸ್ಟಾಟ್ 7ಕ್ಕೆ ಇಟ್ಟರೂ ಅಷ್ಟೇ.
(ಕೆ.ಟಿ.ಜೆ. ನಗರ, ದಾವಣಗೆರೆ)

ಅಕ್ಕಾ, ನಿಮ್ಮ ಫ್ರಿಜ್ ಕೆಟ್ಟಿಲ್ಲ ಅಂತ ನನ್ನ ಅಂದಾಜು, ಅದಕ್ಕೆ ಹೊರೆ ಜಾಸ್ತಿ ಆಗಿದೆ. ಗಳಿಗೆಗೊಮ್ಮೆ ಬಾಗಿಲು ತೆಗೆದರೆ ಹೊರಗಿನ ಬಿಸಿ ಗಾಳಿ ನುಗ್ಗುತ್ತದೆ, ಅದರ ತೇವವೇ ಗೋಡೆಯ ಬೆವರು. ಗ್ರೈಂಡರಿನಿಂದ ತೆಗೆದ ಹಿಟ್ಟು ಬೆಚ್ಚಗಿರುತ್ತದೆ, ಅದನ್ನು ಹಾಗೇ ದೊಡ್ಡ ಪಾತ್ರೆಯಲ್ಲಿ ಇಟ್ಟರೆ ನಡುವಿನ ಹಿಟ್ಟು ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಸಣ್ಣ ಸಣ್ಣ ಡಬ್ಬಿಗಳಲ್ಲಿ, ಮುಚ್ಚಳ ಹಾಕಿ, ನಡುವೆ ಗಾಳಿ ಆಡುವಂತೆ ಇಡಿ. ಬೆಣ್ಣೆಯನ್ನು ಬಾಗಿಲ ತಟ್ಟೆಯಲ್ಲಿ ಇಡಬೇಡಿ, ಇಡೀ ಫ್ರಿಜ್ಜಿನಲ್ಲಿ ಹೆಚ್ಚು ಬಿಸಿ ಇರುವ ಜಾಗ ಅದು. ಮೇಲಿನ ತಟ್ಟೆಯ ಹಿಂಭಾಗಕ್ಕೆ ಸರಿಸಿ.

ಬಾಗಿಲ ರಬ್ಬರ್ ಕೂಡ ನೋಡಿಬಿಡಿ. ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ನಾಲ್ಕೂ ಬದಿ ಹೀಗೆ ನೋಡಿ. ಹಿಟ್ಟು, ಬೆಣ್ಣೆಯ ಜಿಡ್ಡು ಮೆತ್ತಿದ್ದರೆ ಸೋಪಿನ ನೀರಲ್ಲಿ ತೊಳೆಯಿರಿ. ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಿಡಿದು ಮೆತ್ತಗೆ ಮಾಡಿ, ಬಾಗಿಲು ಬಿಗಿಯಾಗಿ ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಹರಿದಿದ್ದರೆ ಹೊಸದು ಹಾಕಿಸಿ.

7ಕ್ಕೆ ಇಡುವುದರಿಂದ ಬೇಗ ತಣ್ಣಗಾಗುವುದಿಲ್ಲ. ಅಂಕಿ ಏರಿಸಿದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆಯೇ ಹೊರತು ಜೋರಾಗಿ ಓಡುವುದಿಲ್ಲ, ಸಿಂಗಲ್ ಡೋರ್ ಆದರೆ ಫ್ರೀಜರಿನಲ್ಲಿ ಐಸ್ ಗುಡ್ಡೆ ಬೀಳುತ್ತದೆ ಬೇರೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಹಾಕಿ ನಡುವಿನ ತಟ್ಟೆಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. 4 ಡಿಗ್ರಿ ಆಸುಪಾಸಿನಲ್ಲಿದ್ದರೆ ಫ್ರಿಜ್ ಚೆನ್ನಾಗಿಯೇ ಇದೆ. ಜ್ವರ ನೋಡುವ ಥರ್ಮಾಮೀಟರ್ ಆಗುವುದಿಲ್ಲ, ಅದು ಅಷ್ಟು ಕೆಳಗಿನ ಡಿಗ್ರಿ ತೋರಿಸುವುದಿಲ್ಲ. ವ್ಯಾಪಾರ ಹೀಗೇ ಬೆಳೆದರೆ ಹಿಟ್ಟಿಗೇ ಬೇರೆ ಫ್ರಿಜ್ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮದು ಉಲ್ಟಾ ಸಮಸ್ಯೆ. ಕೆಳಗೆ ಇಟ್ಟ ಟೊಮೆಟೊ, ಸೌತೆಕಾಯಿ ಐಸಾಗುತ್ತಿವೆ!
(ಹರಿಹರ)

ಥರ್ಮೋಸ್ಟಾಟ್ ತಗ್ಗಿಸಿ ನೋಡಿದ್ದೀರಾ? ಅಂಕಿ ದೊಡ್ಡದಾದಷ್ಟೂ ತಂಪು ಜಾಸ್ತಿ. ಹಲವರು ಉಲ್ಟಾ ತಿಳಿದಿರುತ್ತಾರೆ. 1ಕ್ಕೆ ಇಟ್ಟರೂ ಕಂಪ್ರೆಸರ್ ನಿಲ್ಲದಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ, ಅಥವಾ ಅದರ ಉದ್ದನೆ ತಂತಿಯಂಥ ಬಾಲ ಕ್ಲಿಪ್ಪಿನಿಂದ ಜಾರಿದೆ. ಡಬಲ್ ಡೋರ್ ಆದರೆ ಗಾಳಿಯ ಕಿಂಡಿ ಮುಚ್ಚದೆ ತೆರೆದೇ ನಿಂತಿರಬಹುದು. ಇದಕ್ಕೂ ಗ್ಯಾಸಿಗೂ ಸಂಬಂಧವಿಲ್ಲ.

ಪ್ರಶ್ನೆ: ಹೆದ್ದಾರಿ ಬದಿ ಅಂಗಡಿ. ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರಿನ ಗೋಡೆಗೆ ಒಂದು ಗೇಣು ಐಸ್. ಐಸ್ ಜಾಸ್ತಿ ಇದ್ದರೆ ಒಳ್ಳೆಯದಲ್ವಾ?
(ಹಿರಿಯೂರು)

ಅಲ್ಲ. ಐಸ್ ತಣ್ಣಗಿದ್ದರೂ ತಗಡಿನ ತಂಪು ಹೊರಗೆ ಬರಲು ಅದೇ ಅಡ್ಡ. ಗೋಡೆ ಕಲ್ಲಾಗಿರುತ್ತದೆ, ನಡುವಿನ ಐಸ್‌ಕ್ರೀಮ್ ಮೆತ್ತಗಿರುತ್ತದೆ. ಒಳಗೆ ಮೈನಸ್ 18 ಇರಬೇಕು. ಮಾಲು ಕಡಿಮೆ ಇರುವ ದಿನ ನೋಡಿ ಪೂರ್ತಿ ಆಫ್ ಮಾಡಿ, ಕೆಳಗಿನ ಬಿರಡೆ ತೆಗೆದು ಕರಗಿಸಿ, ಒರೆಸಿ ಒಣಗಿಸಿ ಮತ್ತೆ ಹಚ್ಚಿ. ಒಳಗೆ ಗೀರಿರುವ ಗೆರೆ ದಾಟಿ ಮೇಲಕ್ಕೆ ತುಂಬಬೇಡಿ. ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮನ್ನು ಮಕ್ಕಳಿಗೆ ಮಾರಬೇಡಿ, ಇದು ಫ್ರಿಜ್ಜಿನ ಮಾತಲ್ಲ, ಆದರೂ ಹೇಳಬೇಕು ಅನ್ನಿಸಿತು.

ಪ್ರಶ್ನೆ: ಚಿತ್ರದುರ್ಗದಿಂದ ದಾವಣಗೆರೆಗೆ ಮನೆ ಬದಲಿಸುತ್ತಿದ್ದೇವೆ. ಟೆಂಪೊದಲ್ಲಿ ಫ್ರಿಜ್ ಮಲಗಿಸಿದರೆ ಗ್ಯಾಸ್ ಹೋಗುತ್ತಾ?
(ಹೆಸರು, ಬಡಾವಣೆ ಬೇಡ ಎಂದಿದ್ದಾರೆ)

ಗ್ಯಾಸ್ ಹೋಗುವುದಿಲ್ಲ. ಕಂಪ್ರೆಸರಿನೊಳಗಿನ ಆಯಿಲ್ ಪೈಪಿಗೆ ಹರಿಯುತ್ತದೆ, ಅದೇ ಭಯ. ಆದಷ್ಟೂ ನಿಲ್ಲಿಸಿಯೇ ಒಯ್ಯಿರಿ, ಹಗ್ಗ ಬಿಗಿಯಿರಿ, ಒಳಗಿನ ಗಾಜಿನ ತಟ್ಟೆ ಮೊದಲೇ ತೆಗೆದಿಡಿ. ಮಲಗಿಸಲೇಬೇಕಾದರೆ ಇಳಿಸಿದ ಮೇಲೆ ನೇರ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು ಹಚ್ಚಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನವೇ ಫ್ರಿಜ್ ಓಡಬೇಕು ಎಂದು ಹಟ ಬೇಡ.

ಪ್ರಶ್ನೆ: ಕರೆಂಟ್ ಹೋದಾಗ ಮನೆಯ ಇನ್ವರ್ಟರಿಗೆ ಫ್ರಿಜ್ ಕೊಡಬಹುದಾ?
(ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ)

ಫ್ರಿಜ್ಜಿನಲ್ಲಿ ಇರುವುದು ಇನ್ವರ್ಟರ್ ಕಂಪ್ರೆಸರ್ (ವೇಗ ಬದಲಿಸಿಕೊಳ್ಳುವ ಹೊಸ ಮಾದರಿ), ಮನೆಯದ್ದು ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನಂಥದ್ದೇ ಕರೆಂಟ್ ಕೊಡುವುದು), ಬ್ಯಾಟರಿಗೆ ಶಕ್ತಿ ಇದೆ ಅಂದರೆ ಕೊಡಬಹುದು. ಹಳೆ ಮಾದರಿ ಕಂಪ್ರೆಸರ್ ಏಳುವ ಕ್ಷಣದಲ್ಲಿ ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ, ಸಣ್ಣ ಇನ್ವರ್ಟರ್ ಕೂಗಿ ಕೂಗಿ ಆಫ್ ಆಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿಗಂತೂ ಬೇಡವೇ ಬೇಡ. ಬಾಗಿಲು ತೆಗೆಯದಿದ್ದರೆ ಕೆಳಗಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ. ‘ಇನ್ನೂ ತಣ್ಣಗಿದೆಯಾ’ ಎಂದು ಪದೇಪದೇ ತೆಗೆದು ನೋಡುವುದೇ ಅದನ್ನು ಹಾಳು ಮಾಡುವುದು.

ಪ್ರಶ್ನೆ: ಅಜ್ಜನ ಕಾಲದ ಫ್ರಿಜ್, ಈಗ ಕಂಪ್ರೆಸರ್ ಹೋಗಿದೆ. ರಿಪೇರಿ ಮಾಡಿಸಲಾ, ಹೊಸದು ತರಲಾ?
(ಮೊಳಕಾಲ್ಮುರು)

ಹೊಸದು ತನ್ನಿ. ಅಷ್ಟು ಹಳೆಯದಾದರೆ ಅದರಲ್ಲಿ ಆರ್ 12 ಗ್ಯಾಸ್ ಇದ್ದಿರಬಹುದು. ಓಝೋನ್ ಪದರಕ್ಕೆ ಕೇಡು ಎಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಜಗತ್ತೇ ಕೈಬಿಟ್ಟ ಗ್ಯಾಸ್ ಅದು. ಕಂಪ್ರೆಸರ್, ಫಿಲ್ಟರ್, ಗ್ಯಾಸ್, ಕೂಲಿ ಎಲ್ಲ ಸೇರಿದರೆ ಹೊಸ ಫ್ರಿಜ್ಜಿನ ಬೆಲೆಯಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ, ಕರೆಂಟೂ ಜಾಸ್ತಿ ಎಳೆಯುತ್ತದೆ. ಹೊಸದರಲ್ಲಿ ಸ್ಟಾರ್ ಚೀಟಿಯ ನಕ್ಷತ್ರ ಮಾತ್ರ ಎಣಿಸಬೇಡಿ, ಅದೇ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಎರಡು ಮಾಡೆಲ್ ಪಕ್ಕಪಕ್ಕ ಇಟ್ಟು ಅದನ್ನು ಹೋಲಿಸಿ.

ಹಳೆಯದನ್ನು ಬೀರು ಮಾಡಿಕೊಂಡು ಪಡಸಾಲೆಯಲ್ಲೋ ಹಿತ್ತಲಲ್ಲೋ ಇಡುವುದಾದರೆ ಮೊದಲು ಬಾಗಿಲು ಕಳಚಿ. ಆ ಕಾಲದ ಫ್ರಿಜ್ಜುಗಳಲ್ಲಿ ಕೆಲವಕ್ಕೆ ಹೊರಗಿನಿಂದ ಬೀಳುವ ಚಿಲಕ, ಬೀಗ ಇರುತ್ತವೆ. ಕಣ್ಣಾಮುಚ್ಚಾಲೆ ಆಡುತ್ತ ಮಗು ಒಳಗೆ ಸೇರಿ ಬಾಗಿಲು ಹಾಕಿಕೊಂಡರೆ ಒಳಗಿನಿಂದ ತೆಗೆಯಲು ಆಗುವುದಿಲ್ಲ, ಕೂಗಿದರೂ ಹೊರಗೆ ಕೇಳುವುದಿಲ್ಲ. ಗುಜರಿಗೆ ಹಾಕುವುದಾದರೂ ಅಷ್ಟೇ, ಬಾಗಿಲು ಕಳಚಿಯೇ ಕೊಡಿ, ಪೈಪನ್ನು ಮಾತ್ರ ನೀವು ಕತ್ತರಿಸಬೇಡಿ.